ದೀಪಕ್ಕೆ ಬಿಟ್ಟ ಭೂಮಿ

(ಬಾನುಲಿ ಭಾಷಣ)

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಹತ್ತನೆಯ ಶತಮಾನದಲ್ಲಿ ಅದಕ್ಕೆ ಪಾವಿಟ್ಟಗೆ ಎಂಬ ಹೆಸರಿತ್ತು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದು ಕ್ರಿ.ಶ. 945ರ ಶಾಸನ ತಿಳಿಸುತ್ತದೆ. ಬೇರೆ ಬೇರೆ ನಾಡುಗಳಿಂದ ಓದಲು ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳು. ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ ಭೂಮಿ. ಊರಿನಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರಲ್ಲಿಯೂ ಅರ್ಧ. ಹೀಗೆ ಬೆಳೆಯುವ ಪಟ್ಟಿಯಲ್ಲಿ ಒಂದು ಸಣ್ಣ ಬಾಬೂ ಸೇರಿದೆ: ದೀಪದ ಖರ್ಚಿಗೆಂದು 12 ನಿವರ್ತನ ಭೂಮಿ.

ಈ ಬಾಬನ್ನು ಓದಿದಾಗಲೆಲ್ಲ ಆ ಮಂತ್ರಿಯ ಲೋಕಜ್ಞಾನಕ್ಕೆ ನಾನು ತಲೆದೂಗುತ್ತೇನೆ. ವಿದ್ಯೆಯನ್ನು ಕಾಪಾಡುವುದೆಂದರೆ ಗ್ರಂಥವನ್ನು ಇಡುವುದಷ್ಟೇ ಆಗಿರಲಿಲ್ಲ. ಅದನ್ನು ತೆರೆದು ಓದುವ ಹೊತ್ತಿನಲ್ಲಿ ಬೆಳಕೂ ಇರಬೇಕಾಗಿತ್ತು. ಎಣ್ಣೆಯನ್ನು ಆ ದಿನದ ಉದಾರಿಗಳ ಕೈಗೆ ಬಿಡದೆ, ಅದಕ್ಕೊಂದು ಶಾಶ್ವತವಾದ ಆದಾಯವನ್ನು ಆತ ಗೊತ್ತುಮಾಡಿದ. ಇಂದು ನಾನು ಹೇಳಹೊರಟಿರುವ ವಿಷಯ ಇದಕ್ಕೆ ತೀರ ದೂರದ್ದೆಂದು ಮೊದಲಿಗೆ ತೋರಬಹುದು. ಗಣಕಯಂತ್ರದ ಒಳಗೆ ನೆನಪನ್ನು ಕಾಯುವ ಡಿಸ್ಕು ವಿದ್ಯುತ್ತನ್ನು ಉಳಿಸಲೆಂದು ನಿದ್ದೆಹೋಗಿ, ಎಬ್ಬಿಸಿದಾಗ ಏಳದೆ ಹೋಗುವ ಒಂದು ದೋಷದ ಕಥೆ ಅದು; ಆ ದೋಷವನ್ನು ಕಂಡುಹಿಡಿದವರ ತಾಳ್ಮೆಯ ಕಥೆಯೂ ಹೌದು. ಮೂಲದಲ್ಲಿ ಮಾತ್ರ ಪ್ರಶ್ನೆ ನಾರಾಯಣನದೇ. ನೆನಪಿನ ಮನೆಯಲ್ಲಿ ದೀಪದ ಖರ್ಚನ್ನು ಎಷ್ಟರಮಟ್ಟಿಗೆ ಉಳಿಸಬಹುದು?

ಕಲ್ಲಿನ ನೆನಪಿಗೆ ಖರ್ಚಿಲ್ಲ. ಒಮ್ಮೆ ಕಂಡರಿಸಿದರೆ ಮುಗಿಯಿತು. ಬಿಸಿಲಿಗೂ ಮಳೆಗೂ ಮೈಯೊಡ್ಡಿ ಅದು ತಾನಾಗಿ ನಿಂತಿರುತ್ತದೆ. ತಾಳೆಯ ಗರಿಗೆ ಆರೈಕೆ ಬೇಕು. ಕಾಲಕಾಲಕ್ಕೆ ಬಿಚ್ಚಬೇಕು, ಒರೆಸಬೇಕು, ಎಣ್ಣೆ ಸವರಬೇಕು, ಹುಳು ಬಾರದಂತೆ ನೋಡಬೇಕು. ಬಿಚ್ಚದೆ ಬಿಟ್ಟ ಕಟ್ಟು ಒಂದಕ್ಕೊಂದು ಅಂಟಿಕೊಂಡು, ತೆರೆಯಹೋದವನ ಕೈಯಲ್ಲಿ ಪುಡಿಯಾಗುತ್ತದೆ. ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ಕುಳಿತು ಮನೆಮನೆಗಳ ಜಗಲಿಯ ಮೇಲೆ ಪೂಜೆಗೊಂಡು ಮಲಗಿದ್ದ ವಚನದ ಕಟ್ಟುಗಳನ್ನು ಕೂಡಿಸಿದಾಗ ಮಾಡಿದ ಕೆಲಸ ಒಂದು ಅರ್ಥದಲ್ಲಿ ಎಬ್ಬಿಸುವ ಕೆಲಸವೇ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು; 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಮುದ್ರಣಾಲಯಕ್ಕಾಗಿ ಅವರು ಮನೆಯನ್ನೇ ಮಾರಿದರು. ಗರಿಯ ಮೇಲೆ ಒಂದಾಗಿದ್ದ ಪ್ರತಿ ಅಚ್ಚಿನಲ್ಲಿ ನೂರಾರಾಯಿತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದ ಮಾತು ಮತ್ತೆ ನಿದ್ದೆಹೋಗಲಾರದಂತೆ ಹರಡಿತು.

ಈಗ ಇದೇ ಸೀಮೆಯ ಇನ್ನೊಂದು ನೆನಪಿಗೆ ಬರೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳ ತಾಲ್ಲೂಕು ಕಚೇರಿಗಳಲ್ಲಿ ಹಿಂದೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರಗಳಿರುತ್ತಿದ್ದವು. ಒಕ್ಕಲಿಗನ ಹೊಲ ಯಾವುದು, ಎಷ್ಟು ಎಕರೆ ಎಷ್ಟು ಗುಂಟೆ, ಯಾರ ಹೆಸರಿನಲ್ಲಿದೆ, ಅದರ ಮೇಲೆ ಯಾವ ಬೋಜಾ ಇದೆ ಎಂಬುದೆಲ್ಲ ಅಲ್ಲಿ ಕೈಬರಹದಲ್ಲಿತ್ತು. ಸರಕಾರದ ಭಾಷೆಯಲ್ಲಿ ಅದು ಪಹಣಿ. ಈ ಕಡೆಯ ಜನರ ಬಾಯಲ್ಲಿ ಉತಾರ. ಈ ಶತಮಾನದ ಮೊದಲ ವರ್ಷಗಳಲ್ಲಿ ಭೂಮಿ ಎಂಬ ಯೋಜನೆಯಿಂದ ಕರ್ನಾಟಕದ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಉತಾರದ ಅಚ್ಚು ಪ್ರತಿ ಕೈಗೆ ಬರುತ್ತಿತ್ತು. ಗಣಕೀಕರಣ ಮುಗಿದಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಗೊತ್ತುಮಾಡಲಾಯಿತು. ಆ ದಿನದಿಂದ ಒಕ್ಕಲಿಗನ ಹೊಲದ ಮೇಲಣ ಹಕ್ಕಿನ ನೆನಪು ಒಂದು ಯಂತ್ರದ ನೆನಪಾಯಿತು. ಯಂತ್ರದ ನೆನಪು ಹೇಗಿರುತ್ತದೆ, ಹೇಗೆ ತಪ್ಪುತ್ತದೆ ಎಂಬುದನ್ನು ಸಾಹಿತ್ಯಾಸಕ್ತರಾದ ನಾವೂ ಒಂದಿಷ್ಟು ತಿಳಿದಿರಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ತಿರುಗುವ ತಟ್ಟೆಯ ಮೇಲೆ ಕಾಂತೀಯ ಗುರುತುಗಳಾಗಿ ಅಕ್ಷರಗಳನ್ನು ಇಡುವ ಪದ್ಧತಿ 1956ರಲ್ಲಿ ಐಬಿಎಂ ಸಂಸ್ಥೆಯ ರಾಮ್ಯಾಕ್ ಎಂಬ ಯಂತ್ರದೊಡನೆ ವ್ಯಾಪಾರಕ್ಕೆ ಬಂತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಒಟ್ಟು 50 ಲಕ್ಷ ಅಕ್ಷರಗಳು ಹಿಡಿಯುತ್ತಿದ್ದವು. ಅಂದಿನ ಯಂತ್ರಗಳು ನಿದ್ದೆಮಾಡುತ್ತಿರಲಿಲ್ಲ. ವಿದ್ಯುತ್ತು ಇರುವಷ್ಟು ಹೊತ್ತು ತಟ್ಟೆ ತಿರುಗುತ್ತಲೇ ಇರುತ್ತಿತ್ತು. ಈಚಿನ ಡಿಸ್ಕುಗಳಲ್ಲಿ ತಿರುಗುವ ತಟ್ಟೆಯೂ ಇಲ್ಲ. ಬೆರಳಗಲದ ಹಲಗೆಯ ಮೇಲೆ ಕೂರಿಸಿದ ಸಿಲಿಕಾನ್ ಬಿಲ್ಲೆಗಳಷ್ಟೇ. ಆದರೆ ಹಳತಿರಲಿ ಹೊಸತಿರಲಿ, ನೆನಪಿಗೂ ಯಂತ್ರಕ್ಕೂ ನಡುವೆ ಇಬ್ಬರು ಸೇವಕರಿರುತ್ತಾರೆ. ಅವರ ಪರಿಚಯವಿಲ್ಲದೆ ಈ ಕಥೆ ಸಾಗದು.

ದಫ್ತರಖಾನೆಯನ್ನೇ ಕಣ್ಣಮುಂದೆ ತಂದುಕೊಳ್ಳಿ. ಒಳಗೆ ಕಪಾಟುಗಳ ನಡುವೆ ಕುಳಿತು, ಕೇಳಿದ ಕಟ್ಟನ್ನು ಹುಡುಕಿ ಕೊಡುವವನೊಬ್ಬ. ಯಾವ ಕಪಾಟಿನಲ್ಲಿ ಏನಿದೆಯೆಂಬುದು ಅವನಿಗಲ್ಲದೆ ಬೇರೆಯವರಿಗೆ ಗೊತ್ತಿಲ್ಲ. ಡಿಸ್ಕಿನಲ್ಲಿ ಈ ಕೆಲಸ ಮಾಡುವ ಭಾಗಕ್ಕೆ ನಿಯಂತ್ರಕ ಎನ್ನುತ್ತಾರೆ. ಹೊರಗೆ, ಸಾಹೇಬರ ಅಪ್ಪಣೆಯನ್ನು ಕೇಳಿ, ದಫ್ತರಖಾನೆಯವನಿಗೆ ತಿಳಿಯುವ ನಮೂನೆಯಲ್ಲಿ ಚೀಟಿ ಬರೆದು ಕಳಿಸಿ, ಉತ್ತರಕ್ಕಾಗಿ ಕಾಯುವ ಗುಮಾಸ್ತನೊಬ್ಬ. ಇವನು ಯಂತ್ರದ ಮುಖ್ಯ ತಂತ್ರಾಂಶದ ಒಂದು ಅಂಗ. ಇವನಿಗೆ ಡ್ರೈವರ್ ಎಂದು ಹೆಸರು. ಚೀಟಿಗೆ ಉತ್ತರ ಬಾರದಿದ್ದರೆ ಗುಮಾಸ್ತ ಇಷ್ಟು ಹೊತ್ತು ಕಾಯಬೇಕೆಂಬ ನಿಯಮವಿದೆ. ಅವಧಿ ಮೀರಿದರೆ ಬಾಗಿಲು ಬಡಿಯುತ್ತಾನೆ. ಬಡಿದರೂ ಸದ್ದಿಲ್ಲವಾದರೆ, ಒಳಗೆ ಯಾರೂ ಇಲ್ಲವೆಂದು ಬರೆದುಕೊಂಡು ಬಾಗಿಲಿಗೆ ಮೊಹರು ಹಾಕಿಬಿಡುತ್ತಾನೆ. ಕಟ್ಟುಗಳೆಲ್ಲ ಒಳಗೆ ಕ್ಷೇಮವಾಗಿಯೇ ಇರಬಹುದು. ಹೊರಗಿನ ಲೋಕಕ್ಕೆ ಮಾತ್ರ ಅವು ಇಲ್ಲವಾದಂತೆಯೇ.

ಇನ್ನು ಮಿತವ್ಯಯದ ಇತಿಹಾಸ. ಗಣಕಯಂತ್ರ ಮೇಜಿನಿಂದಿಳಿದು ಚೀಲದೊಳಗೆ ಸೇರಿದಾಗ, ಅಂದರೆ ಬ್ಯಾಟರಿಯ ಮೇಲೆ ನಡೆಯತೊಡಗಿದಾಗ, ಪ್ರತಿಯೊಂದು ಅಂಗವೂ ಬಿಡುವಿನ ಹೊತ್ತಿನಲ್ಲಿ ಮಲಗಬೇಕೆಂಬ ಆಸೆ ಹುಟ್ಟಿತು. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕೂಡಿ 1992ರಲ್ಲಿ ಎಪಿಎಂ ಎಂಬ ಕಟ್ಟಳೆಯೊಂದನ್ನು ಮಾಡಿದವು. ಅದರ ಪ್ರಕಾರ ಯಾರು ಯಾವಾಗ ಮಲಗಬೇಕೆಂಬ ನಿರ್ಧಾರದ ದೊಡ್ಡ ಪಾಲು ಯಂತ್ರದ ಹಲಗೆಯಲ್ಲಿಯೇ ಹುದುಗಿಸಿಟ್ಟ ಮೂಲ ತಂತ್ರಾಂಶದ ಕೈಯಲ್ಲಿತ್ತು. ಸಾಹೇಬರು ಏನು ಮಾಡುತ್ತಿದ್ದಾರೆಂದು ನೋಡದೆಯೇ ದೀಪ ಆರಿಸಿಬಿಡುವ ಕಾವಲುಗಾರನಂತೆ ಅದು ನಡೆದುಕೊಳ್ಳುವುದುಂಟು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಮೂರೂ ಸೇರಿ ಎಸಿಪಿಐ ಎಂಬ ಹೊಸ ಕಟ್ಟಳೆಯನ್ನು ತಂದವು. ನಿರ್ಧಾರ ಹಲಗೆಯಿಂದ ಮುಖ್ಯ ತಂತ್ರಾಂಶಕ್ಕೆ ದಾಟಿತು. ಹೊಸ ಬಗೆಯ ಡಿಸ್ಕುಗಳಿಗಾಗಿ 2011ರಲ್ಲಿ ಎನ್‌ವಿಎಂಇ ಎಂಬ ಒಪ್ಪಂದ ಹುಟ್ಟಿತು. ಅದರ 2012ರ ಪರಿಷ್ಕರಣದಲ್ಲಿ ಅಧಿಕಾರ ಮತ್ತೊಮ್ಮೆ ಕೈ ಬದಲಾಯಿಸಿತು. ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಎಷ್ಟು ಆಳಕ್ಕೆ ಮಲಗಬೇಕೆಂಬ ಒಂದು ಪಟ್ಟಿಯನ್ನು ಗುಮಾಸ್ತ ಮೊದಲೇ ಬರೆದುಕೊಡುವುದು. ಆಮೇಲೆ ದಫ್ತರಖಾನೆಯವನು ಯಾರನ್ನೂ ಕೇಳದೆ ಆ ಪಟ್ಟಿಯಂತೆ ತಾನೇ ಮಲಗುವುದು, ಚೀಟಿ ಬಂದಾಗ ತಾನೇ ಏಳುವುದು.

ಲಾಭ ಸಣ್ಣದಲ್ಲ. ದುಡಿಯುವಾಗ ಕೆಲವು ವಾಟ್ ಬೇಡುವ ಡಿಸ್ಕು ಗಾಢನಿದ್ರೆಯಲ್ಲಿ ಕೆಲವೇ ಮಿಲಿವಾಟ್‌ಗಳಲ್ಲಿ ಇರಬಲ್ಲದು. ಸಾವಿರಕ್ಕೊಂದರ ಆಸುಪಾಸಿನ ಖರ್ಚು. ಆದರೆ ನಿದ್ದೆಗೆ ಅದರದೇ ಆದ ಸುಂಕವಿದೆ. ಆಳಕ್ಕೆ ಇಳಿದಷ್ಟೂ ಏಳಲು ಹೊತ್ತು ಹೆಚ್ಚು ಬೇಕು. ಇದನ್ನು ನಮ್ಮ ಕಡೆಯ ಒಕ್ಕಲಿಗನಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಆಲಮಟ್ಟಿಯ ಎಡದಂಡೆ ಕಾಲುವೆಯ ಮೇಲಿನ ಮುದ್ದೇಬಿಹಾಳದವನಿಗೂ, ಸಿಂದಗಿಯ ಸೀಮೆಯನ್ನು ಹಾಯ್ದು ಬರುವ ಇಂಡಿ ಶಾಖಾ ಕಾಲುವೆಯ ಕೊನೆಯಂಚಿನವನಿಗೂ ಇದು ಅನುಭವದ ಮಾತು. ಸರದಿಯಂತೆ ಬಂದಾಗಿದ್ದ ಕಾಲುವೆಯ ಬಾಗಿಲನ್ನು ಮೇಲೆ ಎತ್ತಿದ ಗಳಿಗೆಯಲ್ಲಿಯೇ ಕೊನೆಯ ಹೊಲಕ್ಕೆ ನೀರು ಬರುವುದಿಲ್ಲ. ಒಣಗಿದ ಕಾಲುವೆ ಮೊದಲು ತಾನು ನೆನೆಯಬೇಕು. ಮೇಲಿನವರು ಬಿಟ್ಟಿದ್ದೇವೆ ಎನ್ನುತ್ತಾರೆ, ಕೆಳಗಿನವರು ಬಂದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ದಿಟ. ಅವರಿಬ್ಬರ ನಡುವಣ ಕಾಲದ ಲೆಕ್ಕ ತಪ್ಪಿದಾಗ ಜಗಳ ಹುಟ್ಟುತ್ತದೆ.

ಮಿತವ್ಯಯವೇ ಕೇಡಾದದ್ದು ಅದೇ ಮೊದಲಲ್ಲ. ತಿರುಗುವ ತಟ್ಟೆಯ ಕಾಲದಲ್ಲಿಯೂ, 2007ರಲ್ಲಿ, ಉಬುಂಟು ಎಂಬ ತಂತ್ರಾಂಶವನ್ನು ಬಳಸುವವರ ನಡುವೆ ದೊಡ್ಡ ಚರ್ಚೆಯೊಂದು ನಡೆಯಿತು. ವಿದ್ಯುತ್ತನ್ನು ಉಳಿಸಲು ಕೆಲವು ಕೈಗಣಕಗಳ ಡಿಸ್ಕುಗಳು ಓದುವ ಮುಳ್ಳನ್ನು ಮತ್ತೆ ಮತ್ತೆ ಮೇಲೆತ್ತಿ ಬದಿಗಿಡುತ್ತಿದ್ದವು, ಮರುಗಳಿಗೆ ಮತ್ತೆ ಇಳಿಸುತ್ತಿದ್ದವು. ಇಂತಹ ಡಿಸ್ಕು ಸಾಮಾನ್ಯವಾಗಿ 6 ಲಕ್ಷ ಸಲ ಈ ಏರಿಳಿತವನ್ನು ತಾಳಬಲ್ಲದೆಂದು ತಯಾರಕರು ಹೇಳುತ್ತಿದ್ದರು. ಕೇಳಲು ದೊಡ್ಡ ಸಂಖ್ಯೆ. ಗಂಟೆಗೆ 100 ಸಲದಂತೆ ನಡೆದರೆ 6,000 ಗಂಟೆಗಳಲ್ಲಿ, ಅಂದರೆ ದಿನಕ್ಕೆ 8 ಗಂಟೆ ದುಡಿಯುವ ಯಂತ್ರದಲ್ಲಿ ಎರಡು ವರ್ಷವಾಗುತ್ತಲೇ, ಅದು ಮುಗಿದುಹೋಗುತ್ತದೆ. ಕಾಸು ಉಳಿಸಲು ಹೋಗಿ ಮನೆಯ ಅಗುಳಿಯನ್ನು ಸವೆಸಿದಂತಾಯಿತು.

ಈಗ ನಾನೇ ಪಕ್ಕದಲ್ಲಿ ಕುಳಿತು ನೋಡಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನ ಗೆಳೆಯರೊಬ್ಬರು ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ, ಹಳೆಯ ಮನೆತನಗಳಲ್ಲಿರುವ ಮೋಡಿ ಲಿಪಿಯ ಖರೀದಿಪತ್ರ, ಲೆಕ್ಕದ ವಹಿ, ಓಲೆಗಳ ಛಾಯಾಪ್ರತಿಗಳನ್ನು ಕೂಡಿಸುತ್ತಿದ್ದರು. ಮೂಲವನ್ನು ಯಾರೂ ಕೈಗೆ ಕೊಡುವುದಿಲ್ಲ. ಜಗಲಿಯ ಮೇಲೆಯೇ ಕುಳಿತು ಚಿತ್ರ ತೆಗೆದುಕೊಂಡು ಬರಬೇಕು. ಕೆಲವು ಮನೆಗಳಲ್ಲಿ ಮರುವರ್ಷ ಹೋದರೆ ಕಾಗದ ಗೆದ್ದಲ ಪಾಲಾಗಿರುತ್ತಿತ್ತು. ಅಂಥವಕ್ಕೆ ಗೆಳೆಯರ ಡಿಸ್ಕಿನಲ್ಲಿರುವ ಚಿತ್ರವೊಂದೇ ಸಾಕ್ಷಿ. ಆ ಡಿಸ್ಕು ದಿನಬಿಟ್ಟು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಮಾಯವಾಗತೊಡಗಿತು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಮರಳಿ ಬರುತ್ತಿತ್ತು. ಆದರೆ ಎರಡು ಸಲ ಆಗತಾನೆ ಸೇರಿಸಿದ ಚಿತ್ರಗಳು ಅರ್ಧಕ್ಕೆ ಕತ್ತರಿಸಿಹೋಗಿದ್ದವು.

ಮೊದಲು ಎಲ್ಲರೂ ಬೈದದ್ದು ಕರೆಂಟನ್ನು. ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಕರೆಂಟು ಮೊದಲ ಅಪರಾಧಿ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಹೊಸ ಬ್ಯಾಟರಿ ಪೆಟ್ಟಿಗೆ ಬಂತು. ಡಿಸ್ಕು ಮಾಯವಾಗುವುದು ನಿಲ್ಲಲಿಲ್ಲ. ಆಮೇಲೆ ಡಿಸ್ಕಿನ ಮೇಲೆಯೇ ಸಂಶಯ. ಅದನ್ನು ಬೇರೊಂದು ಯಂತ್ರದಲ್ಲಿಟ್ಟರೆ ವಾರಗಟ್ಟಲೆ ಸುಖವಾಗಿ ಇತ್ತು. ಸರಿ, ಯಂತ್ರದ ದೋಷವೆಂದು ಅದಕ್ಕೆ ಬೇರೆ ಡಿಸ್ಕನ್ನು ಹಾಕಿದರೆ ಅದೂ ಸುಖವಾಗಿ ಇತ್ತು. ಇಬ್ಬರೂ ನಿರಪರಾಧಿಗಳು, ಆದರೂ ಅಪರಾಧ ನಡೆದಿದೆ. ದುರಸ್ತಿಗೆ ಬಂದಿದ್ದ ಹುಡುಗ ಎರಡು ದಿನ ಏನೂ ಮಾಡದೆ ಸುಮ್ಮನೆ ನೋಡುತ್ತ ಕುಳಿತ. ಮೂರನೆಯ ದಿನ ಅವನು ಹೇಳಿದ ಮಾತು ನನಗಿನ್ನೂ ನೆನಪಿದೆ: “ಸರ್ರ, ಇದು ದುಡಿಯೂ ಮುಂದ ಸಾಯಂಗಿಲ್ರಿ, ಸುಮ್ನ ಕುಂತಾಗ ಸಾಯ್ತೈತ್ರಿ.”

ಅವನ ಈ ಮಾತಿನಲ್ಲಿಯೇ ಉತ್ತರದ ಬೀಜವಿತ್ತು. ಸಾವಿರ ಚಿತ್ರಗಳನ್ನು ಒಂದೇ ಸಮನೆ ತುಂಬಿಸುವಾಗ, ಯಂತ್ರ ಬಿಸಿಯಾಗುವಷ್ಟು ದುಡಿಸುವಾಗ, ಒಮ್ಮೆಯೂ ತೊಂದರೆ ಬಂದಿರಲಿಲ್ಲ. ಊಟಕ್ಕೆ ಎದ್ದುಹೋದಾಗ ಮಾತ್ರ. ಶ್ರಮದಿಂದ ಕೆಡುವ ವಸ್ತುವಿನ ಲಕ್ಷಣ ಇದಲ್ಲ. ವಿಶ್ರಾಂತಿಯಿಂದ ಕೆಡುವುದರ ಲಕ್ಷಣ.

ಆದರೆ ಸಾಕ್ಷಿ ಬೇಕಲ್ಲ. ಇಲ್ಲಿ ಒಂದು ವಿಚಿತ್ರವಾದ ಅಡ್ಡಿಯಿತ್ತು. ಯಂತ್ರ ತನಗಾದ ತೊಂದರೆಯನ್ನೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಆ ದಿನಚರಿ ಇರುವುದು ಅದೇ ಡಿಸ್ಕಿನಲ್ಲಿ! ಡಿಸ್ಕು ಮಾಯವಾದ ಗಳಿಗೆಯ ವೃತ್ತಾಂತವನ್ನು ಬರೆಯಲು ಜಾಗವೇ ಇಲ್ಲ. ಮರಳಿ ಎದ್ದ ಮೇಲೆ ಓದಿದರೆ ದಿನಚರಿ ಎಲ್ಲವೂ ಸರಿಯಾಗಿದ್ದ ಗಳಿಗೆಯಲ್ಲಿ ನಿಂತುಹೋಗಿರುತ್ತದೆ. ಹುಡುಗ ತಂತಿಯೆಳೆದು ಇನ್ನೊಂದು ಯಂತ್ರಕ್ಕೆ ಆ ಮಾತುಗಳೆಲ್ಲ ಹೋಗಿ ಬೀಳುವಂತೆ ಮಾಡಿದ. ಮರುದಿನ ಮಧ್ಯಾಹ್ನ ನಾಲ್ಕು ಸಾಲುಗಳು ಸಿಕ್ಕವು. ಚೀಟಿಗೆ ಉತ್ತರ ಬರಲಿಲ್ಲ, ಅವಧಿ ಮೀರಿತು, ನಿಯಂತ್ರಕನ ಸ್ಥಿತಿಯನ್ನು ಓದಿದರೆ ಎಲ್ಲ ಸ್ಥಾನಗಳಲ್ಲಿಯೂ ಒಂದು, ಒಂದು, ಒಂದು, ಮತ್ತೆ ಎಬ್ಬಿಸುವ ಯತ್ನ ವಿಫಲವಾಯಿತು. ಎಲ್ಲ ಸ್ಥಾನದಲ್ಲಿಯೂ ಒಂದೇ ಬರುವುದೆಂದರೆ ಒಳಗಿನವನು ತಪ್ಪು ಉತ್ತರ ಕೊಟ್ಟಿದ್ದಾನೆಂದಲ್ಲ, ಉತ್ತರ ಕೊಡುವವನೇ ಅಲ್ಲಿಲ್ಲವೆಂದು. ಆ ತಂತಿಯ ಭಾಷೆಯಲ್ಲಿ ಮೌನದ ಉಚ್ಚಾರ ಹಾಗೆ.

ಆಮೇಲಿನ ಕ್ರಮವನ್ನು ನಾನು ವಿಶೇಷವಾಗಿ ಮೆಚ್ಚಿದೆ. ಅವನು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದ. ಅತ್ಯಂತ ಆಳದ ನಿದ್ದೆಯನ್ನು ಮಾತ್ರ ನಿಷೇಧಿಸಿ, ಹಗುರ ನಿದ್ದೆಗಳನ್ನು ಹಾಗೆಯೇ ಬಿಟ್ಟ. ಹತ್ತು ದಿನ ಯಂತ್ರ ಸುಖವಾಗಿ ನಡೆಯಿತು. ಗೆಳೆಯರು ಸಿಹಿ ಹಂಚಲು ಹೊರಟರು. ಹುಡುಗ ಒಪ್ಪಲಿಲ್ಲ. ಬಂದುಹೋಗುವ ಜ್ವರ ಹತ್ತು ದಿನ ಬಾರದಿದ್ದರೆ ಅದು ಗುಣವಾದದ್ದೋ ಬಿಡುವು ಕೊಟ್ಟದ್ದೋ ಹೇಳಬರುವುದಿಲ್ಲ. ಛಾಯಾಪ್ರತಿಗಳನ್ನೆಲ್ಲ ಬೇರೆ ಎರಡು ಡಿಸ್ಕುಗಳಿಗೆ ಇಳಿಸಿಕೊಂಡು, ಆ ನಿಷೇಧವನ್ನು ಬೇಕೆಂದೇ ತೆಗೆದುಹಾಕಿದ. ಎರಡನೆಯ ದಿನ ಮಧ್ಯಾಹ್ನ ಡಿಸ್ಕು ಮಾಯವಾಯಿತು. ನಿಷೇಧವನ್ನು ಮತ್ತೆ ಹಾಕಿದ, ಮಾಯವಾಗುವುದು ನಿಂತಿತು. ರೋಗವನ್ನು ತಾನೇ ಬರಿಸಿ ತಾನೇ ಕಳೆದ ಮೇಲೆ ಮಾತ್ರ, ಕಾರಣ ಸಿಕ್ಕಿತೆಂದು ಅವನು ಒಪ್ಪಿದ.

ಇದು ಒಂದು ಮನೆಯ ವಿಚಿತ್ರವೆಂದು ನಾನು ಮೊದಲು ಎಣಿಸಿದ್ದೆ. ಹಾಗಲ್ಲವೆಂದು ಆಮೇಲೆ ತಿಳಿಯಿತು. ಲೋಕದಾದ್ಯಂತ ಜನ ಕೂಡಿ ಬರೆಯುವ ಲಿನಕ್ಸ್ ಎಂಬ ಮುಖ್ಯ ತಂತ್ರಾಂಶ 2017ರ ಏಪ್ರಿಲ್ ಕೊನೆಯಲ್ಲಿ ಹೊರಬಂದ 4.11ನೆಯ ಆವೃತ್ತಿಯಲ್ಲಿ, ಡಿಸ್ಕು ತಾನಾಗಿ ಮಲಗಿ ಏಳುವ ಈ ಏರ್ಪಾಡನ್ನು ಮೊದಲಬಾರಿಗೆ ಬಳಕೆಗೆ ತಂದಿತು. ಇದನ್ನು ಬರೆದವರು ಆಂಡಿ ಲುಟೊಮಿರ್ಸ್ಕಿ. ಅವರ ಲೆಕ್ಕ ಎಚ್ಚರದ್ದೇ ಆಗಿತ್ತು. ಮಲಗಿ ಏಳಲು ಒಟ್ಟು ಎಷ್ಟು ಹೊತ್ತು ಬೇಕೋ ಅದರ 50ರಷ್ಟು ಹೊತ್ತು ಕೆಲಸವಿಲ್ಲದೆ ಕಳೆದ ಮೇಲೆಯೇ ಮಲಗಬೇಕು; ಹಾಗೆ ಮಾಡಿದರೆ ನಿದ್ದೆಯ ಹೋಗಿಬರುವ ದಾರಿಯಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಕಾಲ ವ್ಯರ್ಥವಾಗದು. ಡಿಸ್ಕುಗಳು ತಾವು ಎಷ್ಟು ಹೊತ್ತಿನಲ್ಲಿ ಏಳಬಲ್ಲೆವೆಂದು ತಾವೇ ಹೇಳಿಕೊಳ್ಳುತ್ತಿದ್ದವು; ಲೆಕ್ಕ ಆ ಮಾತನ್ನು ನಂಬಿ ನಡೆಯುತ್ತಿತ್ತು.

ಏರ್ಪಾಡು ಹೆಚ್ಚಿನ ಯಂತ್ರಗಳಲ್ಲಿ ಒಳ್ಳೆಯದೇ ಮಾಡಿತು. ಕೆಲವೆಡೆ ಡಿಸ್ಕು ಇದ್ದಕ್ಕಿದ್ದಂತೆ ಮಾಯವಾಗುತ್ತದೆಂಬ ದೂರುಗಳು ಬಂದವು. ಅವುಗಳನ್ನು ಒಂದೆಡೆ ಹರಡಿ ನೋಡಿದಾಗ ಕಂಡದ್ದು ಕುತೂಹಲಕರವಾದ ಸಂಗತಿ. ಸ್ಯಾಮ್‌ಸಂಗ್ ಸಂಸ್ಥೆಯ ಕೆಲವು ಬಗೆಯ ಡಿಸ್ಕುಗಳು ಅತ್ಯಂತ ಆಳದ ನಿದ್ದೆಗೆ ಇಳಿದಾಗ ಕಾಣೆಯಾಗುತ್ತಿದ್ದವು. ಆದರೆ ಹಾಗಾಗುತ್ತಿದ್ದದ್ದು ಡೆಲ್ ಸಂಸ್ಥೆಯ ಎರಡು ಮಾದರಿಯ ಕೈಗಣಕಗಳಲ್ಲಿ ಮಾತ್ರ. ಇನ್ನೊಂದು ಬಗೆಯ ಡಿಸ್ಕು ಏಸಸ್ ಸಂಸ್ಥೆಯ ಒಂದು ಹಲಗೆಯ ಮೇಲೆ, ಇಡೀ ಯಂತ್ರ ಮಲಗಿ ಎದ್ದಾಗ, ಹೀಗೆ ಮಾಡುತ್ತಿತ್ತು. ಇದೇ ಡಿಸ್ಕು ಬೇರೆ ಯಂತ್ರದಲ್ಲಿ ಸರಿ. ಇದೇ ಯಂತ್ರ ಬೇರೆ ಡಿಸ್ಕಿನೊಡನೆ ಸರಿ. ನಮ್ಮ ಗೆಳೆಯರ ಮನೆಯಲ್ಲಿ ಕಂಡದ್ದೂ ಈ ಜಾತಿಯದೇ. ದೋಷ ಇಬ್ಬರಲ್ಲಿ ಯಾರೊಬ್ಬರ ಮೈಯಲ್ಲಿಯೂ ಇರದೆ, ಅವರ ಕೂಟದಲ್ಲಿತ್ತು. ಜಾತಕ ಕೂಡದ ಮದುವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರೇನೋ.

ಅದಕ್ಕೆ ಮಾಡಿದ ಪರಿಹಾರವನ್ನೂ ನೋಡಬೇಕು. ಎಲ್ಲ ಡಿಸ್ಕುಗಳ ನಿದ್ದೆಯನ್ನೂ ಕಿತ್ತುಕೊಂಡುಬಿಡುವುದು ಸುಲಭದ ದಾರಿ. ಆಗ ಕೆಲವರ ರೋಗಕ್ಕೆ ಊರೆಲ್ಲ ಪಥ್ಯ ಮಾಡಿದಂತಾಗುತ್ತಿತ್ತು. ಇಂತಹ ಡಿಸ್ಕು ಇಂತಹ ಯಂತ್ರದಲ್ಲಿ ಕಂಡರೆ ಅತ್ಯಂತ ಆಳದ ನಿದ್ದೆಯನ್ನು ಬಳಸಬಾರದೆಂದು ಡ್ರೈವರಿನೊಳಗೆ ಒಂದು ವಿನಾಯಿತಿಯ ಪಟ್ಟಿಯನ್ನು ಅವರು ಸೇರಿಸಿದರು. ಪಟ್ಟಿಯ ಪಕ್ಕದಲ್ಲಿ, ಯಾವ ಯಾವ ಡಿಸ್ಕಿನಲ್ಲಿ ಏನು ಕಂಡುಬಂತು, ಎಲ್ಲಿ ಮಾತ್ರ ಕಂಡುಬಂತು ಎಂಬುದನ್ನು ಸರಳವಾದ ಮಾತಿನಲ್ಲಿ ಬರೆದಿಟ್ಟರು. ಯಂತ್ರಕ್ಕೆ ಆ ಟಿಪ್ಪಣಿ ಬೇಕಿಲ್ಲ. ಅದು ಅದನ್ನು ಓದುವುದೂ ಇಲ್ಲ. ಮುಂದೆ ಬರುವ ಮನುಷ್ಯನಿಗಾಗಿ ಬರೆದದ್ದು ಅದು. ಈ ನಿಯಮ ಇಲ್ಲೇಕಿದೆ ಎಂದು ಅವನು ಕೇಳುವ ಮೊದಲೇ ಉತ್ತರ ಅಲ್ಲಿ ನಿಂತಿರುತ್ತದೆ. ದತ್ತಿ ಯಾವುದಕ್ಕೆ, ಎಷ್ಟು, ಯಾರು ಬಿಟ್ಟದ್ದು ಎಂದು ಕಂಬದ ಮೇಲೆ ಕಂಡರಿಸಿದ ಪಾವಿಟ್ಟಗೆಯವರ ಬುದ್ಧಿಗೂ ಇದಕ್ಕೂ ಬಹಳ ದೂರವಿಲ್ಲ.

ಇಲ್ಲಿ ಒಂದು ವ್ಯಂಗ್ಯವನ್ನೂ ನೆನೆಯಬೇಕು. ಈ ಸೀಮೆ ಇಂದು ವಿದ್ಯುತ್ತಿನ ಬಡ ಸೀಮೆಯಲ್ಲ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಎಲ್ಲೆಯಲ್ಲಿಯೇ ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುದಾಗಾರವಿದೆ. ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ ಶಾಖೋತ್ಪನ್ನ ಸ್ಥಾವರ 2018ರ ಹೊತ್ತಿಗೆ ಪೂರ್ಣವಾಗಿ ದುಡಿಮೆಗೆ ಬಂತು. ಎಲ್ಲ ಸೇರಿ 2,690 ಮೆಗಾವಾಟ್. ಈ ಮಹಾಶಕ್ತಿಯ ಮಗ್ಗುಲಲ್ಲಿ ಕುಳಿತು, ಕೆಲವು ಮಿಲಿವಾಟನ್ನು ಉಳಿಸಹೋದ ಒಂದು ಪುಟ್ಟ ಹಲಗೆ ಒಂದು ಸೀಮೆಯ ಕಾಗದಪತ್ರಗಳ ನೆನಪನ್ನು ಬಾಗಿಲ ಹಿಂದೆ ಬೀಗ ಹಾಕಿ ಕೂರಿಸಿತ್ತು. ಉಳಿತಾಯ ತಪ್ಪೆಂದು ನನ್ನ ಮಾತಲ್ಲ. ಕೋಟಿಗಟ್ಟಲೆ ಯಂತ್ರಗಳಲ್ಲಿ ಮಿಲಿವಾಟು ಮಿಲಿವಾಟು ಕೂಡಿ ಒಂದು ಸ್ಥಾವರದಷ್ಟಾಗಬಹುದು. ಮಲಗಿಸುವವನು ಎಬ್ಬಿಸುವ ಹೊಣೆಯನ್ನೂ ಹೊತ್ತುಕೊಳ್ಳಬೇಕೆಂಬುದಷ್ಟೇ ನನ್ನ ಮಾತು.

ಇನ್ನೊಂದು ಪಾಠ ಹಳಕಟ್ಟಿಯವರದು. ಗೆಳೆಯರ ಡಿಸ್ಕಿನ ದೋಷ ಕಳೆದದ್ದು ಸಂತೋಷ. ಆದರೆ ಅದಕ್ಕಿಂತ ಹೆಚ್ಚಿನ ನಿಶ್ಚಿಂತೆ ತಂದದ್ದು, ಆ ಹುಡುಗ ಪರೀಕ್ಷೆಗೆ ಮೊದಲು ಇಳಿಸಿಕೊಂಡ ಎರಡು ಬೇರೆ ಪ್ರತಿಗಳು. ಒಂದು ಈಗ ಸಿಂದಗಿಯ ಬಂಧುವೊಬ್ಬರ ಕಪಾಟಿನಲ್ಲಿದೆ, ಇನ್ನೊಂದು ಊರಾಚೆ ಇದೆ. ಯಾವ ನಿಯಂತ್ರಕನನ್ನೂ ಯಾವ ಗುಮಾಸ್ತನನ್ನೂ ಪೂರ್ತಿ ನಂಬದೆ ನೆನಪನ್ನು ಹಲವು ಮನೆಗಳಲ್ಲಿ ಇಡಬೇಕೆಂಬುದನ್ನು ವಚನಗಳ ಚರಿತ್ರೆ ನಮಗೆ ಕಲಿಸಿಯೇ ಇದೆ. ಕೆಲವು ಕಟ್ಟುಗಳು ಎಲ್ಲಿ ಉಳಿದವೋ ಅಲ್ಲಿಂದಲೇ ಒಂದು ಸಾಹಿತ್ಯ ಮರಳಿ ಬಂತು.

ಗೆಳೆಯರ ಕೋಣೆಗೆ ಈಚೆಗೊಮ್ಮೆ ಹೋಗಿದ್ದೆ. ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: ಆಳದ ನಿದ್ದೆಯನ್ನು ಯಾಕೆ ತಡೆಯಲಾಗಿದೆ, ಯಾವ ದಿನ ಏನು ಪರೀಕ್ಷೆ ನಡೆಯಿತು, ಮುಂದೆ ಯಾರಾದರೂ ಡಿಸ್ಕನ್ನು ಬದಲಾಯಿಸಿದರೆ ಏನನ್ನು ಮತ್ತೆ ನೋಡಬೇಕು. ಹುಡುಗನ ಕೈಬರಹ. ಅದರ ಕೊನೆಯಲ್ಲಿ, ಹೀಗೆ ಮಾಡಿದ್ದರಿಂದ ವಿದ್ಯುತ್ತು ಸ್ವಲ್ಪ ಹೆಚ್ಚು ಖರ್ಚಾಗುತ್ತದೆಂದೂ ಬರೆದಿದ್ದಾನೆ. ಗೆಳೆಯರು ಆ ಸಾಲಿನ ಕೆಳಗೆ ತಮ್ಮ ಕೈಯಿಂದ ಸೇರಿಸಿದ್ದಾರೆ: ಈ ಖರ್ಚು ದೀಪದ ಬಾಬಿಗೆ ಸೇರಿದ್ದು.